ನಮ್ಮ ಮನೆ ಉದ್ಯಾನವಾದ ಪ್ರಸಂಗ

ಬಣ್ಣದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಮೂವತ್ತೆರಡು ವರ್ಷ ತಿಳವಳ್ಳಿ ಕಡೆಯ ಒಂದು ಶಾಲೆಯಲ್ಲಿ ನಾನು ಡ್ರಾಯಿಂಗ್ ಮಾಸ್ತರನಾಗಿದ್ದೆ. ಅಷ್ಟು ವರ್ಷದಲ್ಲಿ ಕರಿಹಲಗೆಯ ಮೇಲೆ ನಾನು ಬಿಡಿಸಿದ ಮಾವಿನಹಣ್ಣುಗಳನ್ನೆಲ್ಲ ಒಟ್ಟು ಮಾಡಿದರೆ ಹಾನಗಲ್ಲ ತಾಲ್ಲೂಕಿಗೆಲ್ಲ ಒಂದು ಹೊತ್ತಿನ ಶೀಕರಣೆ ಆಗುತ್ತಿತ್ತು. ಇಂಥ ನಾನು, ನಮ್ಮ ಬಡಾವಣೆಯ ಒಂದು ಸಣ್ಣ ನಕ್ಷೆ ಬರೆದುಕೊಡುವ ಕೆಲಸವನ್ನು ನಗುನಗುತ್ತಲೇ ಒಪ್ಪಿಕೊಂಡೆ. ಆಮೇಲೆ ನಕ್ಕವರು ಬೇರೆಯವರು.

ನಿವೃತ್ತನಾಗುವ ಮುಂಚೆಯೇ ಶಿಗ್ಗಾವಿಯ ಅಂಚಿನಲ್ಲಿ, ಸವಣೂರ ರಸ್ತೆಗೆ, ಮನೆ ಕಟ್ಟಿಸಿದ್ದೆ. ಒಟ್ಟು ಹನ್ನೊಂದು ಮನೆಗಳ ಬಡಾವಣೆ ನಮ್ಮದು. ಊರಿನ ಗಡಿ ನಮಗಿಂತ ಸ್ವಲ್ಪ ಮೊದಲು, ಒಂದು ಮೋರಿಯ ಹತ್ತಿರ ಮುಗಿಯುತ್ತಿತ್ತು. ಮೋರಿಯ ಆಚೆ ನಳ, ಬೀದಿದೀಪ, ಕಸದ ಗಾಡಿ. ಮೋರಿಯ ಈಚೆ ನಾವು, ಮತ್ತು ಮನಸ್ಸು ಬಂದಾಗ ಬರುವ ನೀರಿನ ಟ್ಯಾಂಕರು.

ಮನೆ ಕಟ್ಟಿಸುವಾಗಲೇ ನನ್ನ ಹೆಂಡತಿ ಗಿರಿಜಾ ಅಂಗಳದಲ್ಲಿ ನಳದ ಕಟ್ಟೆ ಕಟ್ಟಿಸಿದ್ದಳು. ಕೊಡ ಇಡಲು ಎರಡು ಗುಂಡಿ, ನೀರು ಹರಿದುಹೋಗಲು ಕಾಲುವೆ, ಕೈಗೆ ಸಿಗುವಂತೆ ಸಾಬೂನಿನ ಗೂಡು, ಎಲ್ಲವೂ ಇದ್ದವು. ನಳ ಒಂದು ಇರಲಿಲ್ಲ. ಒಂಬತ್ತು ವರ್ಷದಿಂದ ಅವಳು ಆ ಕಟ್ಟೆಯ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು. ಹಿರೇಕೆರೂರಿನಿಂದ ಅವಳ ಅಕ್ಕ ಬಂದಾಗಲೆಲ್ಲ ಕಟ್ಟೆಯನ್ನು ನೋಡಿ, "ಇನ್ನೂ ಬಂದಿಲ್ಲೇನ?" ಎಂದು ಕೇಳುವಳು. ಗಿರಿಜಾ, "ಬರ್ತೈತಿ" ಎನ್ನುವಳು. ಕೇಳಿದವರಿಗೆ ಯಾರೋ ನೆಂಟರು ಬರುವವರಿದ್ದಾರೆ ಅನ್ನಿಸಬೇಕು.

ಹೀಗಿರುವಾಗ ಊರಿನ ಗಡಿ ಹಿಗ್ಗಿಸುತ್ತಾರೆ, ನಮ್ಮ ಬಡಾವಣೆಯನ್ನೂ ಊರೊಳಗೆ ಸೇರಿಸಿಕೊಳ್ಳುತ್ತಾರೆ ಎಂಬ ಸುದ್ದಿ ಬಂತು. ಪುರಸಭೆಯ ಕಚೇರಿಗೆ ಹೋಗಿ ವಿಚಾರಿಸಿದರೆ, ನಕ್ಷೆಯ ಕೆಲಸ ನೋಡುವ ಹುಡುಗಿ ಎದ್ದು ನಿಂತು ನಮಸ್ಕಾರ ಮಾಡಿದಳು. ಸುಜಾತಾ. ನನ್ನದೇ ಶಿಷ್ಯೆ.

"ಒಂದು ಅರ್ಜಿ, ಅದರ ಜೋಡಿ ಒಂದು ನಕ್ಷೆ ಕೊಡ್ರಿ ಸರ್. ಯಾವ ಜಾಗದಾಗ ಮನಿ ಐತಿ, ಯಾವುದು ಖಾಲಿ ಐತಿ ಅಂತ ತಿಳಿದ್ರ ಸಾಕು. ಪೆನ್ಸಿಲ್ ಗೆರಿ ಎಳದ್ರೂ ನಡೀತೈತ್ರಿ" ಎಂದಳು. ಜೊತೆಗೆ ಯಾವುದಕ್ಕೆ ಯಾವ ಬಣ್ಣ ಎಂದು ಬರೆದಿದ್ದ ಒಂದು ಚೀಟಿಯನ್ನೂ ಕೊಟ್ಟಳು.

ನನಗೆ ಪೆನ್ಸಿಲ್ ಗೆರೆ! ನನಗೆ ಬಣ್ಣದ ಚೀಟಿ! ಮರ್ಯಾದೆಗೆ ಅದನ್ನು ಕಿಸೆಯಲ್ಲಿ ಇಟ್ಟುಕೊಂಡೆ. ಮನೆಗೆ ಬಂದು ಅದರಲ್ಲಿ ಕುಂಚ ಒರೆಸಿಕೊಂಡೆ.

ಅಳತೆಯ ಕೆಲಸಕ್ಕೆ ಪಕ್ಕದ ಮನೆಯ ಮೆಹಬೂಬಸಾಬರು ಮುಂದೆ ಬಂದರು. ಸವಣೂರಿನಿಂದ ಬಂದು ನೆಲೆಸಿದ ದರ್ಜಿ. ಕೊರಳಲ್ಲಿ ಟೇಪು ಇಲ್ಲದೆ ಅವರನ್ನು ನಾನು ನೋಡಿಯೇ ಇಲ್ಲ. ಅದೇ ಟೇಪಿನಿಂದ ರಸ್ತೆಯನ್ನು ಕೂತು ಕೂತು ಅಳೆದರು. ನಾನು ಬರೆದುಕೊಂಡೆ. ಬಡಾವಣೆಯ ಕೊನೆ ಮುಟ್ಟಿದಾಗ ಕಾಗದದ ಮೇಲೆ ನಮ್ಮ ರಸ್ತೆ ಪಕ್ಕದ ಗೋವಿನಜೋಳದ ಹೊಲದೊಳಗೆ ಸಾಕಷ್ಟು ದೂರ ಹೋಗಿತ್ತು.

"ಸಾಬರ, ಎಲ್ಲೋ ತಪ್ಪೇತಿ ನೋಡ್ರಿ" ಎಂದೆ.

"ತಪ್ಪಲ್ರಿ ಮಾಸ್ತರ. ಪ್ರತಿ ಅಳತಿಗೂ ಎರಡು ಇಂಚು ಬಿಟ್ಟೇನಿ. ನಾಳೆ ಬಿಗಿ ಆತಂದ್ರ ಬಿಚ್ಚಿ ಹೊಲೀಬೇಕಲ್ರಿ" ಎಂದರು.

ಅವರ ಮೂವತ್ತು ವರ್ಷದ ರೂಢಿಯನ್ನು ಒಂದು ಮುಂಜಾನೆಯಲ್ಲಿ ಬಿಡಿಸುವುದು ಸಾಧ್ಯವಿರಲಿಲ್ಲ. ಅಳತೆಯನ್ನು ಕಚೇರಿಯವರು ಯಂತ್ರದಿಂದ ಸರಿಮಾಡಿಕೊಳ್ಳುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ನನ್ನ ಕೆಲಸ ಸೌಂದರ್ಯದ್ದು.

ಹನ್ನೊಂದು ಮನೆಗಳಿಗೂ ಹಳದಿ ತುಂಬಿ, ಹಾಳೆಯನ್ನು ದೂರ ಹಿಡಿದು ನೋಡಿದೆ. ಶೀಕರಣೆ ಚೆಲ್ಲಿದ ಹಾಗೆ ಕಂಡಿತು. ಸುತ್ತಲೂ ಬಿಸಿ ಬಣ್ಣವಿದ್ದರೆ ನಡುವೆ ಒಂದು ತಂಪು ಬಣ್ಣ ಇರಬೇಕು, ಕಣ್ಣು ಅಲ್ಲಿ ವಿಶ್ರಮಿಸಬೇಕು. ಇದನ್ನೇ ಅಲ್ಲವೆ ನಾನು ವರ್ಷವರ್ಷವೂ ಮಕ್ಕಳಿಗೆ ಒದರಿ ಹೇಳಿದ್ದು? ಬೇರೆಯವರ ಮನೆಯನ್ನು ಕೆಡಿಸಬಾರದೆಂದು, ಉದಾರ ಮನಸ್ಸಿನಿಂದ ನನ್ನ ಮನೆಯನ್ನೇ ಆರಿಸಿಕೊಂಡೆ. ನಡುವೆಯೂ ಇತ್ತು, ಅಂಗಳದಲ್ಲಿ ಮಾವಿನ ಮರವೂ ಇತ್ತು. ಹಳದಿಯ ಮೇಲೆ ನೀಲಿ ಎಳೆದೆ. ಎಂಥ ಹಸಿರು ಬಂತೆಂದರೆ, ಒಂದು ಗಳಿಗೆ ನನ್ನ ಕೈಯನ್ನೇ ನೋಡಿಕೊಂಡೆ.

ಆದರೆ ಬಲಗಡೆಯ ಕೆಳಮೂಲೆ ಬರಿದಾಗಿತ್ತು. ಅಲ್ಲಿರುವುದು ಜಾಲಿಗಿಡ ಬೆಳೆದ ಖಾಲಿ ಜಾಗ. ಚಿತ್ರ ವಾಲಿದಂತೆ ಕಾಣುತ್ತಿತ್ತು. ತೂಕಕ್ಕೆಂದು ಅಲ್ಲೊಂದು ಸಣ್ಣ ಹಳದಿ ಮನೆ ಬರೆದೆ. ಮನೆಗೆ ಹೊಗೆಗೂಡು. ಹೊಗೆಗೂಡಿನಿಂದ ಸುರುಳಿ ಸುರುಳಿ ಹೊಗೆ.

ನಕ್ಷೆ ಕೊಟ್ಟು ಎಂಟು ದಿನಕ್ಕೆ ಸುಜಾತಾಳ ಫೋನು ಬಂತು. "ಸರ್, ನಡಕ ಹಸಿರು ಹಾಕೀರಲ್ರಿ. ಅದು ಹಂಗ ಇರ್ಲೇನ್ರಿ?"

ಶಿಷ್ಯೆಗೆ ಕಡೆಗೂ ಬಣ್ಣದ ರುಚಿ ಹತ್ತಿತಲ್ಲ ಎಂದು ನನ್ನ ಎದೆ ಉಬ್ಬಿತು. "ಹಂಗ ಇರ್ಲಿ. ಮುದ್ದಾಂ, ಬೇಕಂತನ ಹಾಕೇನಿ. ಅದನ್ನ ತಗದ್ರ ಪೂರಾ ಕೆಡ್ತೈತಿ" ಎಂದೆ.

"ಮೂಲ್ಯಾಗಿನ ಮನೀರಿ?"

"ಅದೂ ಇರ್ಲಿ. ಅದಿಲ್ಲಂದ್ರ ತೂಕ ತಪ್ಪತೈತಿ."

"ಆತ್ರಿ ಸರ್. ನೀವು ಹೇಳಿದ ಮ್ಯಾಲ ಮುಗೀತು" ಎಂದಳು. ನಿಜವಾಗಿಯೂ ಮುಗಿದಿತ್ತು.

ಕರಡು ನಕ್ಷೆಯನ್ನು ಕಚೇರಿಯ ಫಲಕಕ್ಕೆ ಹಚ್ಚಿದ್ದಾರೆಂದು ತಿಳಿದ ದಿನ, ಗಿರಿಜಾಳಿಗೆ ಇಳಕಲ್ ಸೀರೆ ಉಡಲು ಹೇಳಿ ಆಟೋದಲ್ಲಿ ಕರೆದುಕೊಂಡು ಹೋದೆ. ಫಲಕದಲ್ಲಿದ್ದದ್ದು ಕಂಪ್ಯೂಟರಿನ ನಕ್ಷೆ. ಹೊಗೆ ಇರಲಿಲ್ಲ, ರಸ್ತೆ ಗೋವಿನಜೋಳದಿಂದ ಹೊರಗೆ ಬಂದಿತ್ತು. ಆದರೆ ನನ್ನ ಬಣ್ಣಗಳು ಎಲ್ಲಿದ್ದವೋ ಅಲ್ಲೇ ಇದ್ದವು. ನಾನು ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡೆ.

"ಇದರಾಗ ನಮ್ಮನಿ ಎಲ್ಲೈತ್ರಿ?" ಎಂದಳು ಗಿರಿಜಾ.

"ನಡಕ ನೋಡು, ಹಸಿರು ಬಣ್ಣದ್ದು. ಮೊದಲ ಕಣ್ಣು ಅಲ್ಲೇ ಬೀಳ್ತೈತಿ."

ಅವಳು ಕನ್ನಡಕ ಏರಿಸಿಕೊಂಡು, ನಾನು ಓದದೆ ಬಿಟ್ಟಿದ್ದ ಕೆಳಗಿನ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ಓದಿದಳು. "ಹಳದಿ, ವಸತಿ. ಹಸಿರು, ಉದ್ಯಾನ." ಆಮೇಲೆ ನನ್ನ ಕಡೆ ತಿರುಗಿ ಬಹಳ ಮೆತ್ತಗೆ ಕೇಳಿದಳು. "ಉದ್ಯಾನಕ್ಕ ಮನಿ ನಳ ಕೊಡ್ತಾರೇನ್ರಿ?"

ಕೊಡುವುದಿಲ್ಲ. ಒಳಗೆ ಸುಜಾತಾ ಅದನ್ನು ವಿವರವಾಗಿ ತಿಳಿಸಿ ಹೇಳಿದಳು. ಒಂದು ಬಡಾವಣೆ ಅಂದಮೇಲೆ ಅದರಲ್ಲಿ ಉದ್ಯಾನದ ಜಾಗ ಇರಲೇಬೇಕು. ನಮ್ಮಲ್ಲಿ ಆ ಜಾಗ ಮೂಲೆಯಲ್ಲಿತ್ತು. ಅಲ್ಲಿ ಯಾರೋ ಮನೆ ಕಟ್ಟಿಕೊಂಡಿದ್ದಾರೆ, ಅದಕ್ಕೇ ಮಾಸ್ತರರು ದೊಡ್ಡ ಮನಸ್ಸು ಮಾಡಿ ತಮ್ಮ ಜಾಗ ಬಿಟ್ಟುಕೊಟ್ಟಿದ್ದಾರೆ ಎಂದು ಕಚೇರಿಯಲ್ಲೆಲ್ಲ ನನ್ನನ್ನು ಹೊಗಳಿದ್ದರಂತೆ.

"ಆ ಮೂಲ್ಯಾಗಿನ ಮನಿ ಯಾರ್ದರಿ ಸರ್?"

"ಯಾರ್ದೂ ಅಲ್ಲವ್ವ."

"ಮತ್ತ ಯಾಕ ಬರದ್ರಿ?"

"ಮೂಲಿ ಬರಿದು ಕಾಣಬಾರದಂತ."

ಅವಳು ನಗಲಿಲ್ಲ. ಪಾಪ, ತುಟಿ ಕಚ್ಚಿಕೊಂಡಳು. "ಏಳನೇ ಇಯತ್ತೆದಾಗ ನಾ ಬಾಳೆಹಣ್ಣಿಗೆ ಕೆಂಪು ಹಚ್ಚೇನಿ ಅಂತ ಸೊನ್ನಿ ಕೊಟ್ಟಿದ್ರಿ. ಇದ್ದದ್ದನ್ನ ಇದ್ದಂಗ ಬರೀಬೇಕು ಅಂದಿದ್ರಿ. ಅದಕ್ಕ ನಾ ನಿಮ್ಮ ಮಾತಿನ ಮ್ಯಾಲ ಎರಡನೇ ಮಾತು ಆಡ್ಲಿಲ್ರಿ" ಎಂದಳು.

ತಕರಾರು ಅರ್ಜಿ ಕೊಟ್ಟೆವು. ಮುಂದಿನ ವಾರ ಒಂದು ಮಧ್ಯಾಹ್ನ ಕಚೇರಿಯ ಸಾಹೇಬರು ಸ್ಥಳ ನೋಡಲು ಬರುತ್ತಾರೆ, ಅದು ವಾಸದ ಮನೆ ಎಂದು ಕಂಡರೆ ಸಾಕು ಎಂದರು. ಇದಕ್ಕಿಂತ ಸುಲಭ ಏನಿದೆ? ಮನೆಯನ್ನು ಮನೆ ಎಂದು ತೋರಿಸುವುದು ತಾನೆ!

ನಾನು ಸುಮ್ಮನಿದ್ದಿದ್ದರೆ ಹಾಗೇ ಆಗುತ್ತಿತ್ತು. ಆದರೆ ಸಾಕ್ಷಿಗೆ ಇರಲಿ ಎಂದು ಹತ್ತೂ ಮನೆಯವರನ್ನು ಕರೆದೆ. ಗೇಟಿಗೆ ತೂಗುಹಾಕಲು ಒಂದು ಬೋರ್ಡು ಬರೆದೆ: "ಇದು ವಾಸದ ಮನೆ." ಅಕ್ಷರಗಳ ಸುತ್ತ ಬಳ್ಳಿ, ಬಳ್ಳಿಯ ತುಂಬ ಹೂವು, ಒಂದು ಪಕ್ಕಕ್ಕೆ ಗರಿ ಬಿಚ್ಚಿದ ನವಿಲು. ಬಂಕಾಪುರದ ನವಿಲುಗಳನ್ನು ಕಂಡವನಾದ್ದರಿಂದ ಗರಿ ಬಹಳ ಚೆನ್ನಾಗಿ ಬಂದಿತ್ತು. ಉಳಿದ ಜಾಗಕ್ಕೆ "ಸುಸ್ವಾಗತ" ಎಂದೂ ಬರೆದೆ.

ಸಾಹೇಬರು ಬರುವುದು ತಡವಾಯಿತು. ಸಾಕ್ಷಿಗೆ ಬಂದವರು ಎಷ್ಟು ಹೊತ್ತು ನಿಲ್ಲುತ್ತಾರೆ? ಮಾವಿನ ಮರದ ನೆರಳಿಗೆ ಚಾಪೆ ಹಾಸಿದೆವು. ಮೆಹಬೂಬಸಾಬರ ಬೀಬಿ ಒಂದು ಬುಟ್ಟಿ ಗಿರ್ಮಿಟ್ ಕಲಸಿಕೊಂಡು ಬಂದರು. ಮಕ್ಕಳು ಟೊಂಗೆಗೆ ಹಗ್ಗ ಕಟ್ಟಿ ಜೋಕಾಲಿ ಆಡಿದರು. ಮುದುಕರಿಬ್ಬರು ನಳದ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡರು. ಸರಿಯಾಗಿ ಅದೇ ಹೊತ್ತಿಗೆ ಸಾಹೇಬರ ಜೀಪು ಬಂತು. ಅವರು ನವಿಲನ್ನು ನೋಡಿದರು. ಸುಸ್ವಾಗತ ಓದಿದರು. ಜೋಕಾಲಿ ನೋಡಿದರು. ಗಿರ್ಮಿಟ್ ತಿನ್ನುತ್ತಿದ್ದ ಸಾಕ್ಷಿದಾರರನ್ನು ನೋಡಿದರು.

"ಉದ್ಯಾನ ಭಾಳ ಚಂದ ಇಟ್ಟೀರಿ" ಎಂದು ವಹಿಯಲ್ಲಿ ಬರೆಯತೊಡಗಿದರು.

ಮೆಹಬೂಬಸಾಬರು, "ಇಲ್ರೀ ಸಾಹೇಬ್ರ, ಇದು ಮನೀನ, ನಾವು ದಿನಾ ಸಂಜಿಗೆ ಇಲ್ಲೇ ಬಂದು ಕುಂಡ್ರತೇವಿ" ಎಂದು ಇದ್ದ ಆಸೆಯನ್ನೂ ತೆಗೆದರು.

ಆಗ ಗಿರಿಜಾ ಸೆರಗು ಬಿಗಿ ಮಾಡಿಕೊಂಡು ಬಂದಳು. "ಒಳಗ ಬರ್ರಿ ಸಾಹೇಬ್ರ" ಎಂದು ಅಡುಗೆಮನೆಗೆ ಕರೆದೊಯ್ದಳು. ಹಿಂದೆ ನಾನೂ ಹೋದೆ. ಗೋಡೆಯ ಉದ್ದಕ್ಕೂ ಕೊಡಗಳು, ಹಂಡೆ, ಬಕೀಟು, ಎರಡು ಡ್ರಮ್ಮು, ಮೇಲೆ ತಂಬಿಗೆಗಳು, ಹಾಲಿನ ಪಾತ್ರೆ, ಕೊನೆಗೆ ನನ್ನ ಕುಂಚ ತೊಳೆಯುವ ಗ್ಲಾಸು ಕೂಡ. ಎಲ್ಲದರಲ್ಲೂ ಅಂಚಿನವರೆಗೆ ನೀರು.

"ಟ್ಯಾಂಕರ್ ಮತ್ತ ಎಂದು ಬರ್ತೈತಿ ಗೊತ್ತಿಲ್ರಿ. ಉದ್ಯಾನದಾಗ ಯಾರರ ಹಿಂಗ ನೀರು ತುಂಬಿ ಇಡ್ತಾರೇನ್ರಿ?"

ಸಾಹೇಬರು ವಹಿ ತೆರೆದರು. ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು. ನನಗೆ ನಾಚಿಕೆಯಾಯಿತು. ನಕ್ಷೆಯ ಹಸಿರಿಗೆ ಬಣ್ಣ ಕಲಸಿದ್ದೆನಲ್ಲ, ಆ ನೀರನ್ನೂ ಅವಳೇ ತುಂಬಿಟ್ಟಿದ್ದಳು. ಒಂಬತ್ತು ವರ್ಷದಲ್ಲಿ ನಾನು ಆ ಪಾತ್ರೆಗಳನ್ನು ಒಂದು ಸಲವೂ ಕಣ್ಣಿಟ್ಟು ನೋಡಿರಲಿಲ್ಲ.

ತಿದ್ದುಪಡಿ ಮಂಜೂರಾಯಿತು. ಆದರೆ ಆದೇಶದ ಕಾಗದ ಬರುವ ಮೊದಲೇ ಪೈಪು ಹಾಕುವವರು ಬಂದರು. ಅವರ ಕೈಯಲ್ಲಿದ್ದದ್ದು ಹಳೆಯ ಕರಡು ನಕ್ಷೆ. ಹತ್ತು ಮನೆಗೆ ನಳ ಕೂರಿಸಿದರು. ನಮ್ಮ ಗೇಟಿನ ನವಿಲಿಗೆ ಕೈಮುಗಿದು ಮುಂದೆ ಹೋದರು. ಮೂಲೆಯಲ್ಲಿ ಜಾಲಿ ಕಡಿದು, ನಾನು ಬರೆದ ಮನೆಗೆ ಹನ್ನೊಂದನೆಯ ನಳ ಕೂರಿಸಿ ಹೋಗಿಬಿಟ್ಟರು. ಇರುವ ಮನೆಗೆ ನೀರಿಲ್ಲ, ಇಲ್ಲದ ಮನೆಗೆ ಧೋ ಎಂದು ನೀರು.

ಎರಡು ತಿಂಗಳು ಗಿರಿಜಾ ಅಲ್ಲಿಂದಲೇ ನೀರು ತಂದಳು. ದಿನಕ್ಕೆ ಅವಳು ಎರಡು ಕೊಡ, ನಾನು ನಾಲ್ಕು. ಯಾರಾದರೂ ಎದುರಾಗಿ, "ಎಲ್ಲಿಗ್ರಿ ಅಕ್ಕಾರ?" ಎಂದು ಕೇಳಿದರೆ, "ನಮ್ಮನಿಯವರು ಒಂದು ಹೊಸಾ ಮನಿ ಮಾಡ್ಯಾರ, ಅಲ್ಲಿಗೆ" ಎನ್ನುವಳು. ನಾನು ಕೊಡದ ಮರೆಗೆ ಮುಖ ಇಟ್ಟುಕೊಂಡು ನಡೆಯುತ್ತಿದ್ದೆ.

ಕಡೆಗೆ ಆದೇಶವೂ ಬಂತು, ನಳವೂ ಬಂತು. ಹೊಸ ನಕ್ಷೆ ತಂದುಕೊಟ್ಟವಳು ಸುಜಾತಾಳೇ. ಮೂಲೆ ಹಸಿರು, ನಾವು ಹಳದಿ. ಮೊದಲ ನೀರು ಕಟ್ಟೆಯ ಮೇಲೆ ಬಿದ್ದಾಗ ಗಿರಿಜಾ ನಳಕ್ಕೆ ಅರಿಶಿನ ಕುಂಕುಮ ಹಚ್ಚಿ, ಕೊಡವನ್ನು ಕಟ್ಟೆಯ ಗುಂಡಿಯಲ್ಲಿ ಇಟ್ಟಳು. ನನಗೂ ಕಣ್ಣು ತುಂಬಿ ಬಂತು. ಹಿರೇಕೆರೂರಿನ ಅಕ್ಕನಿಗೆ ಫೋನು ಮಾಡಿ ನೀರಿನ ಸಪ್ಪಳ ಕೇಳಿಸಿದೆವು.

ನಳದ ಕೊಳವೆ ಕಬ್ಬಿಣದ್ದು, ಜಂಗು ಹಿಡಿಯಬಾರದೆಂದರೆ ಬಣ್ಣ ಹಚ್ಚಬೇಕು. ಮರುದಿನ ಮುಂಜಾನೆ ನಾನು ಸ್ನಾನ ಮುಗಿಸಿ, ಒಳ್ಳೆಯ ಕುಂಚವೊಂದನ್ನು ಆರಿಸಿಕೊಂಡು, ತೋಳು ಏರಿಸಿ ಹೊರಗೆ ಬಂದೆ. ಕಟ್ಟೆಯ ಹತ್ತಿರ ಮೆಹಬೂಬಸಾಬರು ಆಗಲೇ ಕೊರಳಲ್ಲಿ ಟೇಪು, ಕೈಯಲ್ಲಿ ಬ್ರಷ್ ಹಿಡಿದು ಕೂತಿದ್ದರು.

"ನಾನ ಕರದೇನ್ರಿ ಅವರನ್ನ" ಎಂದಳು ಗಿರಿಜಾ. ನನ್ನ ಕೈಯಿಂದ ಕುಂಚ ತೆಗೆದುಕೊಂಡು ಬಣ್ಣದ ಡಬ್ಬಿ ಕೊಟ್ಟಳು. "ನೀವು ಇದನ್ನ ಹಿಡಕೊಂಡು ನಿಂದರ್ರಿ. ಅಷ್ಟ ಸಾಕು."

ಹಿಡಿದುಕೊಂಡು ನಿಂತೆ. ಮೆಹಬೂಬಸಾಬರು ಕೊಳವೆಗೆ ಬಣ್ಣ ಹಚ್ಚಿ, ಆಮೇಲೆ ಗೋಡೆಯ ಮೇಲೂ ಎರಡು ಇಂಚು ಹೆಚ್ಚಿಗೆ ಹಚ್ಚಿದರು.