ಬೆಂಕಿ ಆರಿಸುವ ಅಡುಗೆ ಗ್ಯಾಸ್

ಇನ್ನು ಮುಂದೆ ನನ್ನ ಮನೆಯ ಒಲೆ ಯಾವ ಸಿಲಿಂಡರಿಗೂ ಕಾಯುವುದಿಲ್ಲ ಎಂದು ಕೊಟ್ಟೂರಿನ ನಮ್ಮ ಹಿತ್ತಲಲ್ಲಿ ನಿಂತು ನಾನು ಘೋಷಿಸಿದಾಗ ಸಾಕ್ಷಿಗಿದ್ದವರು ಇಬ್ಬರೇ: ನನ್ನ ಹೆಂಡತಿ ಖುಷ್ನುಮಾ ಮತ್ತು ಒಂದು ಕೋಳಿ. ಕೋಳಿಯಾದರೂ ಸ್ವಲ್ಪ ಹೊತ್ತು ನಿಂತು ಕೇಳಿತು!

ನಾನು ಮುನಾವರ. ಬಸ್ ಸ್ಟ್ಯಾಂಡಿನ ಹಿಂದೆ ವೆಲ್ಡಿಂಗ್ ಅಂಗಡಿ ಇಟ್ಟಿದ್ದೇನೆ. ಹಾಗಂತ ಬರೀ ವೆಲ್ಡರ್ ಎಂದು ತಿಳಿಯಬೇಡಿ. ಕೆಮಿಕಲ್ ಎಂಜಿನಿಯರಿಂಗ್ ಡಿಪ್ಲೊಮಾವನ್ನು ಎರಡು ವರ್ಷ ಓದಿ, ಮೂರನೆಯ ವರ್ಷವನ್ನು ದೇಶದ ಹಿತಕ್ಕಾಗಿ ಬಿಟ್ಟುಕೊಟ್ಟವನು. ಅಂದರೆ ಮೂರರಲ್ಲಿ ಎರಡು ಪಾಲು ವಿಜ್ಞಾನಿ! ಆ ಎರಡು ಪಾಲಿನ ಬಲದಿಂದಲೇ ಒಂದು ನೀಲಿ ಡ್ರಮ್ಮು, ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಟ್ಯೂಬು, ಒಂದಿಷ್ಟು ಪೈಪು ಸೇರಿಸಿ ಗೋಬರ್ ಗ್ಯಾಸಿನ ಮಹಾ ಸ್ಥಾವರ ಕಟ್ಟಿದೆ. ಡ್ರಮ್ಮಿಗೆ ಸಗಣಿಯನ್ನೂ ಅಡುಗೆಮನೆಯ ಕಸವನ್ನೂ ಹಾಕಬೇಕು. ಒಳಗಿನ ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿಂದು ಗ್ಯಾಸ್ ಬಿಡುತ್ತವೆ. ಅದು ಹೋಗಿ ಹಲಗೆಯ ಅಟ್ಟದ ಮೇಲಿಟ್ಟ ಟ್ಯೂಬಿನಲ್ಲಿ ತುಂಬಿಕೊಳ್ಳುತ್ತದೆ. ನಾತವನ್ನು ಹಿಡಿಯಲು ಪೈಪಿನ ನಡುವೆ ಕಬ್ಬಿಣದ ಚೂರು ತುಂಬಿದ ಡಬ್ಬಿಯೊಂದನ್ನೂ ಕೂರಿಸಿದ್ದೆ.

ಒಂದು ತಿಂಗಳ ನಂತರ ಕಡ್ಡಿ ಗೀರಿದರೆ ನೀಲಿ ಉರಿ! ಎರಡು ಕಪ್ ಚಹಾ ಕುದಿಯಿತು. ನಾತವೂ ಇಲ್ಲ.

"ಭಾರಿ ಆತು ಬಿಡ್ರಿ," ಎಂದಳು ಖುಷ್ನುಮಾ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು. ಅನಾಹುತ ಶುರುವಾದದ್ದೂ ಅಲ್ಲಿಂದಲೇ.

ಅಷ್ಟರಲ್ಲಿ ನನ್ನ ಅತ್ತೆ ಅಜೀಜಬಿ ಮಕ್ಕಾಕ್ಕೆ ಉಮ್ರಾ ಯಾತ್ರೆ ಹೊರಟು ನಿಂತರು. ಹೊರಡುವ ಮುಂಚೆ ಹೆಣ್ಣುಮಕ್ಕಳ ಮನೆಗಳಲ್ಲಿ ಸರದಿಯಂತೆ ದಾವತ್. ಹರಪನಹಳ್ಳಿಯಲ್ಲಿ ಮಿಕ್ಸಿ ರಿಪೇರಿ ಮಾಡುವ ನನ್ನ ಷಡ್ಡಕ ಯೂನುಸನ ಮನೆಯಲ್ಲಿ ಏಳು ಬಗೆ ಮಾಡಿ ಬಡಿಸಿದ್ದರಂತೆ. ಕೊನೆಯ ಸರದಿ ನಮ್ಮದು. ಭಾನುವಾರ ಮಧ್ಯಾಹ್ನ ಹದಿನೈದು ಜನರ ಊಟ, ಸೋಮವಾರ ಅತ್ತೆಯವರ ಪ್ರಯಾಣ.

"ಅಮ್ಮಿ ನಮ್ಮ ಮನಿಯಿಂದ ಹಸಕೊಂಡು ಹೋದ್ರ ನಾ ಯಾರಿಗೂ ಮಾರಿ ತೋರ್ಸಂಗಿಲ್ಲ," ಎಂದಳು ಖುಷ್ನುಮಾ. "ಬಿರಿಯಾನಿ ಸಿಲಿಂಡರಿನ ಮ್ಯಾಲೇ ಮಾಡ್ತೀನಿ."

"ಸಿಲಿಂಡರಾ? ಅದನ್ನ ತಿಪ್ಪೇರುದ್ರಮ್ಮಾರಿಗೆ ಕೊಟ್ಟಬಿಟ್ಟೆ!"

ಪಕ್ಕದ ಮನೆಯ ತಿಪ್ಪೇರುದ್ರಮ್ಮನವರು ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಒಂದು ಸಿಲಿಂಡರ್ ಕೇಳಿದ್ದರು. ನಾನು, "ತಗೊಂಡು ಹೋಗ್ರಿ, ನಮಗ್ಯಾಕ ಬೇಕು ಅದು!" ಎಂದು ಆಟೋಕ್ಕೆ ಎತ್ತಿಯೂ ಕೊಟ್ಟಿದ್ದೆ. ಅವರು ಮನೆಗೆ ಬೀಗ ಜಡಿದು ಕಾನಹೊಸಹಳ್ಳಿಗೆ ಹೋಗಿ ಆಗಲೇ ಎರಡು ದಿನವಾಗಿತ್ತು.

"ಎರಡು ಕಪ್ ಚಾ ಬ್ಯಾರೆ, ಹದಿನೈದು ಮಂದಿ ಬಿರಿಯಾನಿ ಬ್ಯಾರೆ, ರೀ!"

"ಎರಡು ಕಪ್ಪಿಗೆ ಎರಡು ಕಿಲೋ ಕಸ. ಬಿರಿಯಾನಿಗೆ ನಲವತ್ತು ಕಿಲೋ. ತ್ರೈರಾಶಿ ಲೆಕ್ಕ ಐತಿ!"

ಸಂತೆಯಲ್ಲಿ ಬಿಸಾಡಿದ ಟೊಮೆಟೊ, ಕಪ್ಪಾದ ಬಾಳೆಹಣ್ಣು, ಅದರ ಮೇಲೆ ಎರಡು ಅಚ್ಚು ಬೆಲ್ಲದ ನೀರು. ಎಲ್ಲವನ್ನೂ ಒಂದೇ ದಿನದಲ್ಲಿ ಡ್ರಮ್ಮಿಗೆ ತುರುಕಿದೆ.

"ಮನುಷ್ಯಾರಿಗೆ ಹಿಂಗ ತಿನಿಸಿದ್ರ ಹೊಟ್ಟಿ ಕೆಡತೈತಿ. ಆ ಸಣ್ಣ ಜೀವಕ್ಕ ಕೆಡಂಗಿಲ್ಲೇನು?"

"ಇದು ಬಯೋಪ್ರೊಸೆಸ್ಸು. ನಿನಗ ತಿಳಿಯಂಗಿಲ್ಲ!"

ಭಾನುವಾರ ಬೆಳಿಗ್ಗೆ ನೋಡಿದರೆ ಟ್ಯೂಬು ಅಟ್ಟದಿಂದ ಹೊರಚಾಚಿ ಬಿರಿಯುವಂತೆ ಉಬ್ಬಿದೆ! ಹತ್ತು ಗಂಟೆಗೆ ಅತ್ತೆ, ಯೂನುಸ, ಉಳಿದ ನೆಂಟರೆಲ್ಲ ಬಂದಿಳಿದರು. ಎಲ್ಲರನ್ನೂ ಹಿತ್ತಲಿಗೇ ಕರೆದು, ಅನಿಲ ಸಂಗ್ರಹ ಮತ್ತು ಕಸ ನಿರ್ವಹಣೆಯ ಬಗ್ಗೆ ಹತ್ತು ನಿಮಿಷ ಭಾಷಣ ಬಿಗಿದು, ಬಿಸ್ಮಿಲ್ಲಾ ಎಂದು ಕಡ್ಡಿ ಗೀರಿದೆ. ಒಲೆಯ ಹತ್ತಿರ ತಂದೆ.

ಪುಸ್ಸ್! ಕಡ್ಡಿ ಆರಿತು. ಇನ್ನೊಂದು ಗೀರಿದೆ, ಅದೂ ಆರಿತು. ಅರ್ಧ ಪೊಟ್ಟಣ ಖಾಲಿಯಾಯಿತು.

"ಭಾಯಿ," ಎಂದ ಯೂನುಸ, "ಪೆಟ್ರೋಲ್ ಬಂಕಿನ್ಯಾಗ ಇಡಾಕ ಭಾರಿ ಚೊಲೋ ಐತಿ ನೋಡ್ರಿ ಇದು."

ಆಗ ಅರ್ಥವಾಯಿತು. ಸಿಹಿ ಹೆಚ್ಚಾಗಿ ಡ್ರಮ್ಮು ಹುಳಿತಿತ್ತು. ಉರಿಯುವ ಗ್ಯಾಸ್ ಮಾಡುವ ಜೀವಿಗಳು ಮಲಗಿ, ಬೆಂಕಿ ಆರಿಸುವ ಕಾರ್ಬನ್ ಡೈಆಕ್ಸೈಡ್ ಬಿಡುವವು ಎದ್ದು ಕುಳಿತಿದ್ದವು. ಆದರೆ ಎರಡು ಪಾಲು ವಿಜ್ಞಾನಿ ಅಷ್ಟಕ್ಕೆಲ್ಲ ಸೋಲುತ್ತಾನೆಯೇ? ಕಾರ್ಬನ್ ಡೈಆಕ್ಸೈಡನ್ನು ಸುಣ್ಣದ ನೀರು ಹಿಡಿದಿಡುತ್ತದೆ. ಉರಿಯುವ ಗ್ಯಾಸನ್ನು ಮುಟ್ಟುವುದಿಲ್ಲ. ಗೋಡೆಗೆ ಬಳಿಯಲು ತಂದಿದ್ದ ಅರ್ಧ ಚೀಲ ಸುಣ್ಣ ಮನೆಯಲ್ಲೇ ಇತ್ತು! ಎರಡು ಕ್ಯಾನಿಗೆ ಕಲಸಿದೆ, ಪೈಪನ್ನು ಅದರೊಳಗೆ ಹಾಯಿಸಿದೆ, ಕೊನೆಗೆ ಖಾಲಿ ಟ್ಯೂಬೊಂದನ್ನು ಕಟ್ಟಿದೆ.

"ಯೂನುಸ, ಆ ಉಬ್ಬಿದ ಟ್ಯೂಬಿನ ಮ್ಯಾಲ ಕುಂದ್ರು. ಒತ್ತಡ ಬೇಕು!"

ಯೂನುಸನ ತೂಕ ತೊಂಬತ್ತೆರಡು ಕಿಲೋ. ಅವನು ಕುಳಿತ ಕೂಡಲೇ ಕ್ಯಾನುಗಳು ಬುಳುಬುಳು ಅನ್ನತೊಡಗಿದವು. ಅವನು ನಿಧಾನಕ್ಕೆ ಕೆಳಗಿಳಿದ, ಇಳಿದ, ಕಡೆಗೆ ಹಲಗೆಗೇ ಕುಳಿತ. ಯಂತ್ರ ಅದ್ಭುತವಾಗಿ ಕೆಲಸ ಮಾಡಿತ್ತು! ನೂರಕ್ಕೆ ನೂರು ಕಾರ್ಬನ್ ಡೈಆಕ್ಸೈಡನ್ನು ಹಿಡಿದಿತ್ತು! ಆ ಕಡೆಯ ಟ್ಯೂಬಿಗೆ ಎಷ್ಟು ಬಂತು ಎಂದು ಓಡಿ ಹೋಗಿ ನೋಡಿದೆ.

ಅದು ಚಪಾತಿಯಂತೆ ಬಿದ್ದಿತ್ತು. ಉರಿಯುವ ಗ್ಯಾಸ್ ಇದ್ದರೆ ತಾನೇ ಉಳಿಯುವುದು?

ಗಂಟೆ ಹನ್ನೊಂದೂವರೆ. ಮಸಾಲೆ ಹಚ್ಚಿದ ಮಟನ್ ಹಂಡೆಯಲ್ಲಿ ಹಾಗೇ ಕುಳಿತಿತ್ತು. ಖುಷ್ನುಮಾ ಹಂಡೆಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತೆಯವರು ಬುರ್ಖಾ ತೆಗೆದು ಗೂಟಕ್ಕೆ ಹಾಕಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಅಳಬ್ಯಾಡ ಬೇಟಿ. ಯೂನುಸ, ಮೂರು ಕಲ್ಲು ತಾ. ಮುನಾವರ, ಆ ಅಟ್ಟ ಕಿತ್ತು ಹಾಕು."

"ಅಮ್ಮಿ, ಅದು ನನ್ನ ಸ್ಥಾವರದ..."

"ಕಟ್ಟಿಗಿ ಒಣಗೈತಲ್ಲ? ಕಿತ್ತು ಹಾಕು."

ಕಿತ್ತೆ. ಅವರು ನನ್ನ ಪೈಪಿನಿಂದ ಒಂದು ಮೊಳ ಕೊಯ್ಯಿಸಿಕೊಂಡು, ಊದುಗೊಳವೆ ಮಾಡಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಮೂರನೆಯ ಊದಿಗೆ ಬೆಂಕಿ ಧಗ್ ಎಂದಿತು. ದಾವತ್ತಿನ ಮುಖ್ಯ ಅತಿಥಿ ಹೊಗೆಯಲ್ಲಿ ಕೆಮ್ಮುತ್ತಾ ತಮ್ಮ ಬಿರಿಯಾನಿ ತಾವೇ ಬೇಯಿಸಿಕೊಂಡರು. ಎರಡೂವರೆಗೆ ಎಲ್ಲರೂ ಉಂಡರು. ಖುಷ್ನುಮಾ ನಕ್ಕಳು ಕೂಡ, ನನ್ನ ಕಡೆ ತಿರುಗಿ ಅಲ್ಲ.

ಊಟವಾದ ಮೇಲೆ ಒಬ್ಬೊಬ್ಬರೇ ಅತ್ತೆಯವರ ಹತ್ತಿರ ಹೋಗಿ, ಮಕ್ಕಾದಲ್ಲಿ ತಮ್ಮ ಸಲುವಾಗಿ ಏನು ಬೇಡಿಕೊಳ್ಳಬೇಕೆಂದು ಹೇಳತೊಡಗಿದರು. ಯೂನುಸ ಅಂಗಡಿಗೆ ಬರಕತ್ ಕೇಳಿದ. ಖುಷ್ನುಮಾ ಕಿವಿಯಲ್ಲಿ ಏನೋ ಹೇಳಿದಳು. ತಾಯಿ ಮಗಳು ಇಬ್ಬರೂ ನನ್ನನ್ನು ನೋಡಿದರು. ಕೊನೆಗೆ ನಾನು ಹೋದೆ. ಬಿದ್ದರೂ ವಿಜ್ಞಾನಿ ವಿಜ್ಞಾನಿಯೇ ತಾನೆ!

"ಅಮ್ಮಿ, ಅಡಿಗಿ ಆಗ್ಲಿಲ್ಲ ಖರೆ. ಆದ್ರ ಆ ಸುಣ್ಣದ ಯಂತ್ರ ನೂರಕ್ಕ ನೂರು ಕೆಲಸ ಮಾಡ್ತು. ಅದಕ್ಕ ಪೇಟೆಂಟ್ ಸಿಗ್ಲಿ ಅಂತ ಅಲ್ಲಿ ಒಂದು ದುವಾ ಮಾಡ್ರಿ."

ಅತ್ತೆಯವರು ಪ್ರೀತಿಯಿಂದ ನನ್ನ ತಲೆಯ ಮೇಲೆ ಕೈಯಿಟ್ಟರು.

"ಬೇಟಾ, ನಿನಗ ಬೇಕಾದ್ದು ಅಷ್ಟು ದೂರ ಹೋಗಿ ಕೇಳೂವಂಥದ್ದಲ್ಲ. ಫೋನ್ ತಗಿ, ಸಿಲಿಂಡರ್ ಬುಕ್ ಮಾಡು."