ಗೇರು ಬೀಳೂದಿಲ್ಲ, ಬೇಗ ಬಾ!

ನಮ್ಮ ಸೋದರಮಾವನ ಪ್ರಕಾರ ಈಗ ರಸ್ತೆಯ ಮೇಲೆ ಓಡಾಡುವುದರಲ್ಲಿ ಮುಕ್ಕಾಲು ಪಾಲು ಕಾರುಗಳೇ ಅಲ್ಲ! ಮತ್ತೆ ಅವು ಎಂತ ಮಾವ ಎಂದು ಕೇಳಿ ನೋಡಿ. "ಚಕ್ರ ಹಚ್ಚಿದ ಸೋಫಾ" ಎನ್ನುತ್ತಾರೆ. ಕಾರು ಮಾಡುವವರಿಗೆ ಈ ಸುದ್ದಿ ಇನ್ನೂ ತಲುಪಿಲ್ಲ, ಅದು ಅವರ ಪುಣ್ಯ.

ಮಾವ ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು. ಕುಮಟೆ ಹತ್ತಿರದ ಹೊಳನಗದ್ದೆಯಲ್ಲಿ ಮನೆ, ಮನೆಯಲ್ಲಿ ಅತ್ತೆ, ಅಂಗಳದಲ್ಲಿ ಬಿಳಿ ಅಂಬಾಸಿಡರ್. ಅದರ ಮಾತು ತೆಗೆದಿರೋ, ನಿಮ್ಮ ಆವತ್ತಿನ ಕೆಲಸ ಕೆಟ್ಟಿತು! "ಬಾನೆಟ್ ಎತ್ತು, ಎಂಜಿನ್ನು ಕಾಣ್ತದೆ. ಕೈ ಹಾಕು, ಸಿಗ್ತದೆ. ಈಗಿನ ಕಾರಲ್ಲಿ ಎಂತ ಅದೆ? ಮುಚ್ಚಳ ತೆಗೆದ್ರೆ ಒಳಗೆ ಮತ್ತೊಂದು ಮುಚ್ಚಳ!" ಬೆಲ್ಟ್ ಹಾಕದಿದ್ದರೆ ಕುಂಯ್ ಕುಂಯ್ ಎನ್ನುವ ಕಾರುಗಳನ್ನಂತೂ ಕಂಡರಾಗದು. "ಬೈಸಿಕೊಳ್ಳೂಕೆ ಮನೇಲಿ ನಿನ್ನ ಅತ್ತೆ ಇದ್ದಾಳೆ. ಮತ್ತೊಬ್ಬಳನ್ನ ದುಡ್ಡು ಕೊಟ್ಟು ಎಂತಕ್ಕೆ ತರೂದು?"

ಒಮ್ಮೆ ಅವರನ್ನು ನನ್ನ ಕಾರಿನಲ್ಲಿ ಓಂ ಬೀಚಿಗೆ ಕರೆದುಕೊಂಡು ಹೊರಟಿದ್ದೆ. ದಾರಿ ತೋರಿಸುವ ಮೊಬೈಲಿನ ಹೆಣ್ಣುದನಿ "ಎಡಕ್ಕೆ ತಿರುಗಿ" ಎಂದಿತು. ಮಾವ ಮೊಬೈಲಿನತ್ತ ಬಗ್ಗಿ, ಬಹಳ ಸಮಾಧಾನದಿಂದ, "ತಂಗೀ, ಎಡಕ್ಕೆ ಗದ್ದೆ" ಎಂದರು. ಅವಳು ಮತ್ತೆ ಎಡಕ್ಕೆ ಎಂದಳು. "ನೀ ಯಾವೂರಿನವಳೇ?" ಎಂದು ವಿಚಾರಿಸಿದರು! ನಾನು ಮಾವನನ್ನು ಬಿಟ್ಟು ಅವಳನ್ನು ನಂಬಿದೆ. ತಿರುಗಿಸಿದೆ. ಗದ್ದೆಯೇ ಇತ್ತು. ವಾಪಸು ರಸ್ತೆಗೆ ಬರುವವರೆಗೂ ಮಾವ ಆ ಗದ್ದೆಯನ್ನೇ ನೋಡುತ್ತ ಕೂತರು. ಅದಕ್ಕಿಂತ ನಾಲ್ಕು ಬೈದಿದ್ದರೆ ವಾಸಿಯಿತ್ತು.

ಆದರೆ ಅವರ ಪರಮ ವೈರಿ ಯಾರೆಂದರೆ ಆಟೋಮ್ಯಾಟಿಕ್ ಕಾರು. "ಗೇರು ತಂತಾನೇ ಬೀಳೂದಾದ್ರೆ ಡ್ರೈವರ್ ಎಂತ ಮಾಡೂದು? ಎಡಗೈ ಮನೇಲಿಟ್ಟು ಬರೂದಾ?" ಅಂಬಾಸಿಡರಿನಲ್ಲಿ ಗೇರು ಇರುವುದು ಸ್ಟೇರಿಂಗಿನ ಪಕ್ಕದಲ್ಲೇ. ಅದನ್ನು ಹಾಕುವಾಗ ಮಾವ ತಂಬೂರಿ ಶ್ರುತಿ ಮಾಡುವವರ ಹಾಗೆ ಕಣ್ಣು ಅರೆಮುಚ್ಚುತ್ತಿದ್ದರು. ಓಡುವ ಕಾರಿನಲ್ಲಿ ಅದು ಒಳ್ಳೆಯದಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ?

ಆ ಗೇರೇ ಒಮ್ಮೆ ಕೈಕೊಟ್ಟಿತು. ಏಪ್ರಿಲ್ ತಿಂಗಳು, ಅತ್ತೆಯೊಂದಿಗೆ ಹೊರಟಿದ್ದಾಗ ಹೊನ್ನಾವರದ ಈಚೆಗೆ ಕಾರು ನಿಂತುಬಿಟ್ಟಿತು. ಮಾವ ಪಕ್ಕದ ಮನೆಯವನಿಗೆ ಫೋನು ಮಾಡಿ, "ಗೇರು ಬೀಳೂದಿಲ್ಲ ಮಾರಾಯಾ, ಬೇಗ ಬಾ!" ಎಂದು ಜಾಗ ಹೇಳಿ ಇಟ್ಟರು. ನಮ್ಮ ಕಡೆ ಏಪ್ರಿಲ್‌ನಲ್ಲಿ ಗೇರು ಬೀಳುವುದಿಲ್ಲ ಎಂದರೆ ಏನರ್ಥ? ಗೇರುಹಣ್ಣು ಮರ ಬಿಟ್ಟು ಇಳಿಯುತ್ತಿಲ್ಲ ಎಂದರ್ಥ! ಆ ಪುಣ್ಯಾತ್ಮ ಹಣ್ಣು ಕೊಯ್ಯುವ ಉದ್ದನೆಯ ದೋಟಿ, ಎರಡು ಗೋಣಿಚೀಲ ಸ್ಕೂಟರಿಗೆ ಕಟ್ಟಿಕೊಂಡು ಓಡಿಬಂದ. ಇಳಿದು ಸುತ್ತ ನೋಡಿ ಕೇಳಿದ, "ಮರ ಎಲ್ಲಿ?"

ಆಮೇಲೆ ಅದೇ ದೋಟಿಯಿಂದ ಬಾನೆಟ್ಟಿನೊಳಗೆ ಎಲ್ಲಿಗೋ ಎರಡು ಪೆಟ್ಟು ಕೊಟ್ಟರಂತೆ, ಗೇರು ಬಿತ್ತಂತೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಇಷ್ಟೆಲ್ಲ ನಡೆಯುವಾಗ ಅತ್ತೆ ಕಾರೊಳಗೇ ಕೂತು ಹೊಟ್ಟೆ ತುಂಬ ನಗುತ್ತಿದ್ದರಂತೆ. ಕೆಲವು ವರ್ಷಗಳಿಂದ ಅವರ ಬಲಗೈ ನಡುಗುತ್ತದೆ. ಮಾತ್ರೆಯೂ ಇದೆ, ನಡುಕವೂ ಇದೆ. ಜನ ಮೊದಲು ಕೈ ನೋಡಿ ಆಮೇಲೆ ಮುಖ ನೋಡುತ್ತಾರೆಂದು ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಬಿಡದೆ ಉಳಿದದ್ದು ಒಂದೇ, ಪ್ರತಿ ಸಂಕಷ್ಟಿಗೆ ಮಾವನ ಜೊತೆ ಇಡಗುಂಜಿ. "ಗಣಪತಿ ಎದುರು ಕೈ ನಡುಗಿದ್ರೆ ಭಕ್ತಿ ಅಂತಾರೆ. ಇನ್ನು ಈ ಕಾರಲ್ಲಿ ಬಾಗಿಲಿಂದ ಹಿಡಿದು ನಿನ್ನ ಮಾವನ ಹೊಟ್ಟೆವರೆಗೆ ಎಲ್ಲಾ ನಡುಗ್ತದೆ. ನನ್ನ ಕೈ ಯಾರ ಲೆಕ್ಕಕ್ಕೆ?" ಎನ್ನುತ್ತಿದ್ದರು. ಅವರು ನಗುತ್ತಲೇ ಹೇಳುತ್ತಿದ್ದರು.

ಈಚೆಗೆ ಆ ಗೇರುಪೆಟ್ಟಿಗೆ ಪೂರ್ತಿ ಕೂತುಬಿಟ್ಟಿತು. ಮಾವ ನಂಬುವ ಮೆಕ್ಯಾನಿಕ್ ಒಬ್ಬರೇ, ಭಟ್ಕಳದ ಒಬ್ಬ ಸಾಹೇಬರು. ಕಾರನ್ನು ಅಲ್ಲಿಗೇ ಎಳೆಸಿಕೊಂಡು ಹೋದರು. ಸಾಹೇಬರು ಬಿಚ್ಚಿ ನೋಡಿ, ಕೈ ಒರೆಸಿಕೊಳ್ಳುತ್ತ, "ಹಲ್ಲೆಲ್ಲ ಹೋಗಿದೆ ಸಾಬ್. ಈ ಸಾಮಾನು ಇನ್ನು ಸಿಗೂದಿಲ್ಲ. ಕ್ಲಚ್ ಒತ್ತಿ ಒತ್ತಿ ನಿಮ್ಮ ಮೊಣಕಾಲೂ ಹೋಗಿದೆ, ಅದರ ಸಾಮಾನೂ ನನ್ನ ಹತ್ರ ಇಲ್ಲ. ಆಟೋಮ್ಯಾಟಿಕ್ ತಗೊಳ್ಳಿ" ಎಂದರು. ಬಸ್ಸು ಹತ್ತಿ ಮನೆಗೆ ಬಂದ ಮಾವ ಆ ವಾರವಿಡೀ ಯಾವ ಕಾರಿಗೂ ಬೈಯಲಿಲ್ಲ. ನಮಗೆಲ್ಲ ಹೆದರಿಕೆಯಾಯಿತು.

ಸಂಕಷ್ಟಿ ಹತ್ತಿರ ಬಂತು. ಅದರ ಹಿಂದೆಯೇ ಅಂಗಳಕ್ಕೆ ಆಟೋಮ್ಯಾಟಿಕ್ಕೂ ಬಂತು! ಮಾವ ಸೋತಿದ್ದರು. ಆದರೆ ಈಗ ಅತ್ತೆ ಹೊರಡಲೊಲ್ಲರು. "ಅದು ಅಲ್ಲಾಡೂದೇ ಇಲ್ಲ. ಅದರೊಳಗೆ ನನ್ನ ಕೈ ಒಂದೇ ಕಾಣೂದು. ನೀವೇ ಹೋಗಿ ಬನ್ನಿ."

"ನೀ ಬರೂದಿಲ್ಲ ಅಂದ್ರೆ ಈ ಸೋಫಾ ತಂದದ್ದು ಯಾರಿಗೆ?" ಎಂದರು ಮಾವ.

ಅತ್ತೆ "ಆತು" ಎಂದು ಸೀರೆ ಬದಲಿಸಲು ಒಳಗೆ ಹೋದರು. ನಾನು ಹಿಂದಿನ ಸೀಟಿನಲ್ಲಿ ಕೂತೆ.

ಎಂಥ ಸದ್ದಿಲ್ಲದ ಕಾರು ಅಂತೀರಿ! ಅದರೊಳಗೆ ಕೇಳುತ್ತಿದ್ದುದು ಒಂದೇ ಸದ್ದು, ಅತ್ತೆಯ ಬಲಗೈಯ ಗಾಜಿನ ಬಳೆಗಳದ್ದು. ಅಂಬಾಸಿಡರಿನ ಗದ್ದಲದಲ್ಲಿ ಅದು ಒಮ್ಮೆಯೂ ಕೇಳಿರಲಿಲ್ಲ. ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಬಳೆಗಳನ್ನು ಮೊಣಕೈಯತ್ತ ಸರಿಸಿದರು. ಅವು ಮತ್ತೆ ಜಾರಿ ಬಂದು ಕಿಣಿಕಿಣಿ ಎಂದವು. ಇತ್ತ ಮಾವನ ಎಡಗೈ ಅಭ್ಯಾಸಬಲದಿಂದ ಸ್ಟೇರಿಂಗಿನ ಪಕ್ಕ ಇಲ್ಲದ ಗೇರನ್ನು ತಡಕಾಡುತ್ತಿತ್ತು. ನಗು ತಡೆದುಕೊಂಡು ಕೂತಿದ್ದೆ.

ಶರಾವತಿ ಸೇತುವೆಯ ಮೇಲೆ ಆ ಕೈ ತಡಕಾಡುವುದನ್ನು ನಿಲ್ಲಿಸಿತು. ಮೆಲ್ಲಗೆ ಎಡಕ್ಕೆ ಸರಿದು, ಸೆರಗಿನೊಳಗೆ ಹೋಗಿ, ಅತ್ತೆಯ ಕೈಯನ್ನು ಹಿಡಿದುಕೊಂಡಿತು. ಬಳೆಗಳು ಸುಮ್ಮನಾದವು.

"ಎಂತದು ಇದು! ಹಿಂದೆ ಅಳಿಯ ಕೂತಿದ್ದಾನೆ" ಎಂದರು ಅತ್ತೆ.

"ಸುಮ್ನಿರು. ಗೇರು ಹಾಕ್ತಾ ಇದ್ದೇನೆ."

ನಾನು ಕಿಟಕಿಯಾಚೆ ಹೊಳೆ ನೋಡಿದೆ. ಕಣ್ಣು ತುಂಬಿ ಏನೂ ಸರಿಯಾಗಿ ಕಾಣಲಿಲ್ಲ. ಸೇತುವೆ ಮುಗಿಯಿತು, ಮಾವ ಕೈ ಬಿಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅತ್ತೆಯೇ ಮೆಲ್ಲಗೆ ಕೇಳಿದರು.

"ಬಿತ್ತಾ?"

"ಬಿತ್ತು" ಎಂದರು ಮಾವ.