ಬೋರ್ಡಿನ ಎಡಗಡೆ ನಮ್ಮಜ್ಜಿ

ಸರ್ಕಾರದ ಕಡೆಯಿಂದ ಮನೆ ಬಾಗಿಲಿಗೆ ಬರುವವರಲ್ಲಿ ಮೂರು ಬಗೆ. ಏನನ್ನೋ ಕೇಳಲು ಬರುವವರು, ಏನನ್ನೋ ಕೊಡಲು ಬರುವವರು, ಏನನ್ನೋ ಕಲಿಸಲು ಬರುವವರು. ಮೊದಲಿನವರು ಬಂದರೆ ಅಪ್ಪ ಊರಲ್ಲಿರುವುದಿಲ್ಲ. ಎರಡನೆಯವರು ಬಂದರೆ ಅಪ್ಪನೇ ಎದುರುಗೊಳ್ಳಲು ಓಡುತ್ತಾರೆ. ಪೇಚಿರುವುದು ಮೂರನೆಯವರಲ್ಲಿ. ಕಾಫಿ ಕೊಟ್ಟು ಅವರನ್ನು ಕಳಿಸಬಹುದು. ಅವರು ಕಲಿಸಿದ್ದು ಮಾತ್ರ ಹೊಲದಲ್ಲೇ ಉಳಿದುಬಿಡುತ್ತದೆ. ದಿನಾ ಡೈರಿ ಬರೆಯುವ ಚಟದವಳಾದ ನಾನು ಆಷಾಢದ ಒಂದು ಸೋಮವಾರದ ಕೆಳಗೆ ಬರೆದುಕೊಂಡಿದ್ದೇನೆ: ‘ಕೃಷಿ ಇಲಾಖೆಯ ಹೊಸ ಮೇಡಂ ಬಂದಿದ್ದರು. ಹೊಸ ಬೇಸಾಯ ಮಾಡಿ ತೋರಿಸಲು ನಮ್ಮ ಹೊಲ ಆಯ್ಕೆಯಾಯಿತು. ಮನೆಯವರೆಲ್ಲ ಬೀಗಿದೆವು.’ ಬೀಗುವಂಥದ್ದೇನೂ ಇರಲಿಲ್ಲ. ಅಜ್ಜಿಯ ತವರಾದ ಆವತಿ ಕಡೆ ಹೋಗುವ ಬಸ್ಸಿನ ಕಿಟಕಿಯಿಂದ ಚೆನ್ನಾಗಿ ಕಾಣುವುದೊಂದೇ ನಮ್ಮ ಹೊಲದ ಯೋಗ್ಯತೆ.

ಅರ್ಧ ಹೊಲದ ರಾಗಿಗೆ ಮೇಡಂ ಹೇಳಿದ ಗುಳಿ ಪದ್ಧತಿ; ಇನ್ನರ್ಧಕ್ಕೆ, ಹೋಲಿಸಿ ನೋಡಲೆಂದು, ನಾವು ಯಾವಾಗಲೂ ಮಾಡುವ ಕೂರಿಗೆ ಬಿತ್ತನೆ. ಗುಳಿ ಪದ್ಧತಿಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಸಾಲು ಎಳೆದು, ಅವು ಸೇರುವಲ್ಲಿ ಒಂದೊಂದು ಗುಳಿ ಮಾಡಿ, ಹಿಡಿ ಗೊಬ್ಬರ ಹಾಕಿ, ಎರಡೆರಡೇ ಪೈರು ನೆಡಬೇಕು. ಪಕ್ಕದ ಹೊಲದ ಮುನಿರಾಜಣ್ಣ ಬದುವಿನ ಮೇಲೆ ನಿಂತು, “ಏನಪ್ಪಾ, ರಾಗಿ ಹಾಕಿದ್ದೀಯೋ, ಹೊಲಕ್ಕೆ ಚುಕ್ಕಿ ಇಟ್ಟಿದ್ದೀಯೋ? ರಂಗೋಲಿ ಎಳೆಯೋದು ಯಾವತ್ತು?” ಎಂದ. ಅಪ್ಪ ನಕ್ಕರು. ಆದರೆ ಪೈರು ಸ್ವಲ್ಪ ಮೇಲೆದ್ದ ಮೇಲೆ ಅದರ ಮೇಲೊಂದು ಮರದ ಕೊರಡನ್ನು ಎಳೆಸಬೇಕು ಎಂದು ಮೇಡಂ ಹೇಳಿದಾಗ ಅಪ್ಪನ ನಗು ನಿಂತಿತು. ಬಗ್ಗಿದ ಪೈರು ಹಟ ಹಿಡಿದು ಬುಡದಿಂದ ಹೆಚ್ಚು ತೆಂಡೆ, ಅಂದರೆ ಮರಿ ಕವಲು, ಒಡೆಯುತ್ತದಂತೆ. ಅವತ್ತು ಡೈರಿಯಲ್ಲಿ, ‘ಈ ದಿನ ನಮ್ಮ ಪೈರನ್ನು ನಾವೇ ಕೆಡವಿದೆವು’ ಎಂದಷ್ಟೇ ಬರೆದು ಮಲಗಿದೆ.

ಆಮೇಲೆ ಬಂತು ಬೋರ್ಡು. ಬಲಗಡೆಗೆ ಬಾಣ ತೋರಿಸಿ ‘ಹೊಸ ತಾಂತ್ರಿಕತೆ’, ಎಡಗಡೆಗೆ ‘ಹಳೇ ಪದ್ಧತಿ’. ಅಜ್ಜಿ ಅದನ್ನು ನನ್ನಿಂದ ಓದಿಸಿದಳು. ಮತ್ತೊಮ್ಮೆ ಓದಿಸಿದಳು.

“ಎಡಗಡೆ ಬಿತ್ತಿದ್ದು ಯಾರೇ?”

“ನೀನೇ ಅಲ್ವಾ ಅಜ್ಜಿ, ಮುಂದೆ ನಿಂತು ಬಿತ್ತಿಸಿದ್ದು.”

“ಹಂಗಾದ್ರೆ ಸೋಲಕ್ಕೆ ಅಂತ್ಲೇ ನನ್ ಕೈಲಿ ಬಿತ್ತಿಸವ್ರೆ. ನಮ್ಮೂರ ಬಸ್ಸು ಇಲ್ಲೇ ಹೋಗೋದು ಕಣೇ. ನಮ್ಮ ಅಣ್ತಮ್ಮಂದ್ರೆಲ್ಲಾ ಕಿಟಕೀಲಿ ನೋಡ್ಕೊಂಡು, ನಂಜಿ ಹೊಲ ಸೊರಗ್ಹೋಗದೆ ಅಂತ ತವರಲ್ಲಿ ಆಡ್ಕೋತಾರೆ.”

ನಾನು ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಗುಣಮಟ್ಟ ಪರೀಕ್ಷಿಸುವವಳು. ಎರಡು ಮಾದರಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದೇ ನನ್ನ ಕೆಲಸ. ಅಲ್ಲಿ ಯಾವ ಮಾದರಿಗೂ ತವರುಮನೆ ಇರುವುದಿಲ್ಲ.

ಒಂದು ಭಾನುವಾರ ಬೆಳಗ್ಗೆ ಅಜ್ಜಿ ಹೊಲದಲ್ಲಿ ಬಿಂದಿಗೆ ಹಿಡಿದು ಸಗಣಿ ಬಗ್ಗಡ ಹುಯ್ಯುತ್ತಿದ್ದಳು, ಎಡಗಡೆಗೆ ಮಾತ್ರ. ನಾನು ಓಡಿಹೋಗಿ, “ಅಜ್ಜಿ, ಆ ಕಡೆಗೆ ವಿಶೇಷವಾಗಿ ಏನೂ ಮಾಡಬಾರದು, ಹೋಲಿಕೆ ಕೆಡುತ್ತೆ” ಎಂದೆ.

“ಹೋಲಿಕೆ ಕೆಟ್ರೆ ಕೆಡ್ಲಿ, ಪೈರು ಕೆಡಬಾರ್ದು. ಪಕ್ಕದ ಮಗೀನ ಜೊತೆ ಹೋಲಿಸ್ಬೇಕು, ಈ ಮಗೀಗೆ ಅನ್ನ ಇಕ್ಬೇಡ ಅಂತ ಯಾವ ಸರ್ಕಾರ ಹೇಳುತ್ತೆ? ಸುಮ್ನೆ ನಿಲ್ಬೇಡ, ಕಳೆ ಕೀಳು.”

ಕೂತು ಕಿತ್ತೆ. ಸ್ವಲ್ಪ ಹೊತ್ತಿಗೆ ಅಜ್ಜಿ ನನ್ನ ಹಿಂದಿನ ರಾಶಿ ನೋಡಿ ಎದೆ ಬಡಿದುಕೊಂಡಳು. ಕಳೆಯನ್ನು ಬಿಟ್ಟು ನಾನು ಕಿತ್ತದ್ದೆಲ್ಲ ರಾಗಿ. ಆಮೇಲೆ ನನ್ನನ್ನು ಬದು ಬಿಟ್ಟು ಕೆಳಗಿಳಿಯಗೊಡಲಿಲ್ಲ.

ಸುತ್ತಲಿನ ರೈತರನ್ನು ಕರೆಸಿ ಎರಡೂ ಪೈರು ತೋರಿಸುವ ಕ್ಷೇತ್ರೋತ್ಸವಕ್ಕೆ ವಾರವಿರುವಾಗ ಮೇಡಂ ಬಂದರು. ಅದು ಅವರು ನಡೆಸುವ ಮೊದಲ ಕ್ಷೇತ್ರೋತ್ಸವ. ಮೇಲಿನ ಸಾಹೇಬರು ಬರುವವರಿದ್ದರು. ಎಡಗಡೆಯ ಪೈರು ಕಡುಹಸಿರಾಗಿ ತೂಗುತ್ತಿತ್ತು. ಮೇಡಂ ಅದನ್ನು ನೋಡಿದರು, ಅಜ್ಜಿಯನ್ನು ನೋಡಿದರು.

“ಅಜ್ಜಿ, ಇದಕ್ಕೆ ಏನ್ ಹಾಕಿದ್ರಿ?”

“ಏನೂ ಇಲ್ಲ ಕಣವ್ವಾ. ದಿನಾ ಬಂದು ನೋಡ್ಕೊಂಡ್ ಹೋದೆ, ಅಷ್ಟೇ.”

ಅಪ್ಪ ಆಕಾಶ ನೋಡತೊಡಗಿದರು. ಮೇಡಂ ಬೈಯಬಹುದಿತ್ತು, ಬೋರ್ಡು ಕಿತ್ತು ಮುನಿರಾಜಣ್ಣನ ಹೊಲಕ್ಕೆ ಹೋಗಬಹುದಿತ್ತು. ಅವರು ನಗು ತಡೆಯಲಾರದೆ ಬದುವಿನ ಮೇಲೆ ಕೂತುಬಿಟ್ಟರು. ಮರುದಿನ ಬಂದು, ಬೋರ್ಡಿನಲ್ಲಿ ‘ಹಳೇ ಪದ್ಧತಿ’ ಎಂದಿದ್ದ ಕಡೆ ಹಾಳೆ ಅಂಟಿಸಿ, ‘ನಂಜಮ್ಮನವರ ಆರೈಕೆ’ ಎಂದು ದಪ್ಪ ಅಕ್ಷರದಲ್ಲಿ ಬರೆದರು. ಆ ಹಾಳೆಯ ಋಣ ನಮ್ಮ ಮನೆ ಮೇಲೆ ಯಾವತ್ತೂ ಇರುತ್ತದೆ. ಅಜ್ಜಿ ಅದನ್ನು ನನ್ನಿಂದ ಮೂರು ಸಲ ಓದಿಸಿದಳು.

ಕ್ಷೇತ್ರೋತ್ಸವದ ದಿನ ಶಾಮಿಯಾನದಡಿ ಮೇಡಂ ನಡೆದದ್ದನ್ನು ಮುಚ್ಚಿಡದೆ ಹೇಳಿ, ಎರಡೂ ಕಡೆಯ ಬುಡ ಕಿತ್ತು ತೋರಿಸಿದರು. ಎಡಗಡೆಯದು ಚೆನ್ನಾಗಿತ್ತು. ಆದರೆ ಕೊರಡಿನ ಕೆಳಗೆ ಮಲಗಿ ಎದ್ದಿದ್ದ ಬಲಗಡೆಯದರಲ್ಲಿ ತೆಂಡೆ ಕೈಯಲ್ಲಿ ಹಿಡಿಸುತ್ತಿರಲಿಲ್ಲ, ತೆನೆಯೂ ದಪ್ಪ. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಮುನಿರಾಜಣ್ಣ ಎದ್ದುನಿಂತ. “ಮೇಡಮ್ನೋರೆ, ನಂಜಮ್ಮನ್ನ ಸಬ್ಸಿಡೀಲಿ ಕೊಡ್ತಾರಾ?” ಸಾಹೇಬರೂ ನಕ್ಕರು. ಅಜ್ಜಿ ಮಾತ್ರ ಆ ದೊಡ್ಡ ಬುಡವನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ತೆನೆ ಬಿಡಿಸಿ ನೋಡುತ್ತಿದ್ದಳು.

ಎಲ್ಲರೂ ಹೋದ ಮೇಲೆ ಅಜ್ಜಿ ಮೇಡಂ ಕೈ ಹಿಡಿದುಕೊಂಡು ಹೇಳಿದಳು: “ಅಷ್ಟು ಬಗ್ಗಡ ಹುಯ್ದೆ ಕಣವ್ವಾ, ಆದ್ರೂ ನಿಂದೇ ಮುಂದದೆ. ಮುಂದಿನ ವರ್ಷ ನನ್ ಅರ್ಧಕ್ಕೂ ನಿನ್ ಗುಳೀನೇ.”

ಮೇಡಂ ಕಣ್ಣು ತುಂಬಿಕೊಂಡು, “ಸಂತೋಷ ಅಜ್ಜಿ. ಆದ್ರೆ ಹೋಲಿಸೋದಕ್ಕೆ ಒಂದು ಪಟ್ಟೆಯಾದ್ರೂ ಹಳೇದು ಬೇಕಾಗುತ್ತಲ್ಲಾ” ಎಂದರು.

ಅಜ್ಜಿ ಸುತ್ತ ನೋಡಿದಳು. ಕುರ್ಚಿ ಮಡಚುತ್ತಿದ್ದ ನನ್ನ ಮೇಲೆ ಅವಳ ಕಣ್ಣು ನಿಂತಿತು.

“ಅದುನ್ನ ಇವಳಿಗೆ ಕೊಡವ್ವಾ. ರಾಗಿ ಕಿತ್ತ ಈ ಕೈಗೆ ಕೊಟ್ರೆ ನಿನ್ ಹೋಲಿಕೆ ಎಲ್ಲೂ ಕೆಡಾಕಿಲ್ಲ.”

ಹುಟ್ಟಿದ ಮೇಲೆ ಮೊದಲ ಸಲ ಮನೆಯವರು ನನ್ನ ಪಾಲಿಗೆ ಒಂದು ಪಟ್ಟೆ ಭೂಮಿ ಬಿಟ್ಟುಕೊಟ್ಟಿದ್ದಾರೆ. ಯಾವ ನಂಬಿಕೆಯ ಮೇಲೆ ಎಂಬುದನ್ನು ಯೋಚಿಸದಿದ್ದರೆ, ಹೆಮ್ಮೆಪಡಲು ಏನೂ ಅಡ್ಡಿಯಿಲ್ಲ.